ಚಿಕ್ಕಮಗಳೂರು, ಹಾಸನದ ಮನೆಯಲ್ಲಿ ಪುಟ್ಟ ಹವಳದ ಟ್ಯಾಂಕ್ ಇಡುವುದು ಹೇಗೆ

ಉಪ್ಪುನೀರಿನ ಟ್ಯಾಂಕ್ ಅಂದ ತಕ್ಷಣ ಬಹಳ ಜನ "ಅದಕ್ಕೆ ಚಿಲ್ಲರ್ (ನೀರು ತಣ್ಣಗಿಡುವ ಯಂತ್ರ) ಬೇಕು, ದಿನಾ ಗಂಟೆಗಟ್ಟಲೆ ಕೆಲಸ, ನಮ್ಮಿಂದ ಆಗಲ್ಲ" ಅಂತ ಕೈಬಿಡುತ್ತಾರೆ. ನಮ್ಮ ಕಡೆಗೆ ಈ ಮಾತು ಅಷ್ಟಾಗಿ ಹೊಂದುವುದಿಲ್ಲ. ಹವಳಕ್ಕೆ ಬೇಕಾದದ್ದು 24ರಿಂದ 27 ಡಿಗ್ರಿಯ ನೀರು. ಮಂಗಳೂರು, ಚೆನ್ನೈನಲ್ಲಿ ಟ್ಯಾಂಕ್ ಇಟ್ಟವರಿಗೆ ನೀರು ತಣ್ಣಗಿಡುವುದೇ ದೊಡ್ಡ ಕೆಲಸ. ಚಿಕ್ಕಮಗಳೂರು, ಹಾಸನದಲ್ಲಿ ಏಪ್ರಿಲ್, ಮೇ ಬಿಟ್ಟರೆ ಆ ತಲೆನೋವು ಇಲ್ಲವೇ ಇಲ್ಲ. ಚಳಿಗಾಲಕ್ಕೆ ಒಂದು ಸಣ್ಣ ಹೀಟರ್, ಬೇಸಿಗೆಗೆ ಒಂದು ಸಣ್ಣ ಫ್ಯಾನ್, ಅಷ್ಟೇ.

ನಾನು ಇಲ್ಲಿ ಹೇಳುತ್ತಿರುವುದು ಎರಡು ಅಡಿಯ ಟ್ಯಾಂಕ್, ಎರಡು ಮೀನು, ಕೆಲವೇ ಮೆತ್ತನೆ ಹವಳಗಳ ಬಗ್ಗೆ. ದಿನಕ್ಕೆ ಐದು ನಿಮಿಷ, ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೊಟ್ಟರೆ ನಡೆಯುತ್ತದೆ. ಕೆಲಸ ಕಡಿಮೆಯಾಗಬೇಕು ಅಂದರೆ ಒಳಗೆ ಬಿಡುವ ಜೀವಗಳು ಕಡಿಮೆ ಇರಬೇಕು, ನೀರು ಏರುಪೇರಾಗಬಾರದು. ಮುಂದೆ ಬರುವುದೆಲ್ಲ ಈ ಎರಡಕ್ಕಾಗಿಯೇ.

ಮೊದಲು ಕಾನೂನು

ಇದನ್ನು ಹಾರಿಸಿ ಓದಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಗಟ್ಟಿ ಹವಳಗಳಿಗೆಲ್ಲ, ಅಂದರೆ ಸುಣ್ಣದ ಗೂಡು ಕಟ್ಟುವ ಹವಳಗಳಿಗೆ, ಹುಲಿಗೆ ಇರುವಂಥದ್ದೇ ರಕ್ಷಣೆ ಇದೆ. ಸಮುದ್ರದಿಂದ ಕೀಳುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಕಡಲಕುದುರೆ, ಕಡಲಸೌತೆ ಕೂಡ ಕಾಯ್ದೆಯ ರಕ್ಷಣೆಯಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದಾಗ ಒಂದು ಸಣ್ಣ ಕಲ್ಲು ತರೋಣ ಅನ್ನಿಸಬಹುದು. ಬೇಡ. ಆ ಕಲ್ಲಿನ ಮೇಲೆ ಬದುಕಿರುವುದು ಏನೇನು ಅಂತ ನಮಗೆ ಕಣ್ಣಿಗೆ ಕಾಣುವುದೂ ಇಲ್ಲ. "ಲೈವ್ ರಾಕ್" (ಕಡಲ ಜೀವಿಗಳು ಅಂಟಿರುವ ಕಲ್ಲು) ಅಂತ ಯಾರಾದರೂ ಕದ್ದುಮುಚ್ಚಿ ಕೊಡಲು ಬಂದರೂ ಬೇಡ ಅನ್ನಿ.

ನಮಗೆ ಸಾಕಾಗುವುದು ಮೆತ್ತನೆ ಹವಳ ಮತ್ತು ಅದರ ನೆಂಟರು: ಮಶ್ರೂಮ್, ಜೋವಾಂತಿಡ್, ಲೆದರ್, ಜೀನಿಯಾ ಅನ್ನುವ ಹೆಸರಿನವು. ಇವನ್ನೂ ಬೇರೆಯವರ ಟ್ಯಾಂಕಿನಲ್ಲಿ ಬೆಳೆದ ತುಂಡುಗಳಾಗಿ ತನ್ನಿ. ಅಂಗಡಿಯಿಂದ ತಂದರೆ ಎಲ್ಲಿಂದ ಬಂತು ಅಂತ ಕೇಳಿ, ಬಿಲ್ ತೆಗೆದುಕೊಳ್ಳಿ. ನಾವು ಬಿಡಲಿರುವ ಕ್ಲೌನ್ ಮೀನಿಗೂ (ಕಿತ್ತಳೆ ಮೈ, ಬಿಳಿ ಪಟ್ಟೆ) ಅಷ್ಟೇ, ಹ್ಯಾಚರಿಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ ತನ್ನಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ಹಿಂದೆಯೇ ರೂಪಿಸಿದೆ. ಹ್ಯಾಚರಿ ಮೀನಿಗೆ ಟ್ಯಾಂಕ್ ಹೊಸದಲ್ಲ. ಕೊಟ್ಟ ಆಹಾರ ತಿನ್ನುತ್ತದೆ, ಕಾಯಿಲೆಯೂ ಕಡಿಮೆ.

ಟ್ಯಾಂಕ್ ಮತ್ತು ಜಾಗ

24 ಇಂಚು ಉದ್ದ, 15 ಇಂಚು ಅಗಲ, 15 ಇಂಚು ಎತ್ತರದ ಗಾಜಿನ ಟ್ಯಾಂಕ್ ತೆಗೆದುಕೊಳ್ಳಿ. ಅಂಚಿನವರೆಗೆ 88 ಲೀಟರ್ ಹಿಡಿಯುತ್ತದೆ, ಕಲ್ಲು ಮರಳು ಹಾಕಿದ ಮೇಲೆ ನೀರು ಸುಮಾರು 75 ಲೀಟರ್. ಇದಕ್ಕಿಂತ ಚಿಕ್ಕದು ಸುಲಭ ಅಂತ ಅನ್ನಿಸಬಹುದು, ಆದರೆ ನೀರು ಕಡಿಮೆಯಾದಷ್ಟೂ ಉಪ್ಪು, ಬಿಸಿ ಎರಡೂ ಬೇಗ ಏರಿಳಿಯುತ್ತವೆ. 20 ಲೀಟರಿನ ಟ್ಯಾಂಕಿನಲ್ಲಿ ಒಂದು ಮೀನು ಸತ್ತರೆ ನಿಮಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಎಲ್ಲ ಸೇರಿ 120 ಕೆಜಿ ದಾಟುತ್ತದೆ. ಟೀಪಾಯಿ, ಟಿವಿ ಸ್ಟ್ಯಾಂಡ್ ಮೇಲೆ ಇಡುವಂಥದ್ದಲ್ಲ. ಗಟ್ಟಿ ಕಬ್ಬಿಣದ ಸ್ಟ್ಯಾಂಡ್, ಮೇಲೆ ಪ್ಲೈವುಡ್, ಅದರ ಮೇಲೆ ತೆಳು ಥರ್ಮೋಕೋಲ್. ಹಳೆ ಮನೆಯ ಕೆಂಪು ಗಾರೆ ನೆಲ ಒಂದೊಂದು ಕಡೆ ಇಳಿಜಾರಿರುತ್ತದೆ, ಮಟ್ಟಗೋಲು ಇಟ್ಟು ನೋಡಿ. ಕಿಟಕಿ ಬಿಸಿಲು ನೇರ ಬೀಳಬಾರದು. ಅಡುಗೆಮನೆ ಪಕ್ಕವೂ ಬೇಡ.

ಕರೆಂಟಿನ ವಿಷಯದಲ್ಲಿ ರಾಜಿ ಇಲ್ಲ. ಉಪ್ಪುನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಪ್ಲಗ್ ಪಾಯಿಂಟಿಗೆ ಸರಿಯಾದ ಅರ್ಥಿಂಗ್ ಇರಬೇಕು, ಮೇಲೆ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಬೇಕು. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವ ಹಾಗೆ ಬಿಡಿ, ಆಗ ವೈರಿನ ಮೇಲೆ ಜಾರಿದ ಹನಿ ಕೆಳಗೆ ತೊಟ್ಟಿಕ್ಕುತ್ತದೆ, ಸ್ವಿಚ್ ಬೋರ್ಡಿನೊಳಗೆ ಹೋಗುವುದಿಲ್ಲ. ಟ್ಯಾಂಕಿಗೆ ಕೈ ಹಾಕುವ ಮೊದಲು ಹೀಟರ್, ಪಂಪ್ ಆಫ್ ಮಾಡಿ.

ಇನ್ನು ಸಾಮಾನು: ಗಂಟೆಗೆ 1500 ಲೀಟರ್ ನೀರು ತಳ್ಳುವ ಒಂದು ವೇವ್‌ಮೇಕರ್, ಹಿಂಬದಿಗೆ ನೇತು ಹಾಕುವ ಫಿಲ್ಟರ್, 100 ವ್ಯಾಟಿನ ಹೀಟರ್, ನೀಲಿ ಬೆಳಕು ಇರುವ ರೀಫ್ (ಹವಳದ ಟ್ಯಾಂಕಿನ) ಎಲ್‌ಇಡಿ, ಅದಕ್ಕೊಂದು ಟೈಮರ್, ಉಪ್ಪಿನ ಅಂಶ ಅಳೆಯಲು ರಿಫ್ರಾಕ್ಟೋಮೀಟರ್. ಕೆಳಗಡೆ ಸಂಪ್ (ಫಿಲ್ಟರಿಗೆಂದು ಇಡುವ ಎರಡನೇ ಟ್ಯಾಂಕ್), ಪ್ರೋಟೀನ್ ಸ್ಕಿಮ್ಮರ್ (ನೊರೆಯ ಮೂಲಕ ಕೊಳೆ ತೆಗೆಯುವ ಯಂತ್ರ), ಡೋಸಿಂಗ್ ಪಂಪ್ (ಖನಿಜ ಹನಿಸುವ ಪಂಪ್) ಯಾವುದೂ ಬೇಡ. ಹೀಟರಿಗೆ ಮಾತ್ರ ಹೊರಗಿನಿಂದ ಒಂದು ಥರ್ಮೋಸ್ಟಾಟ್ ಜೋಡಿಸಿ. ಹೀಟರ್ ಕೆಟ್ಟರೆ ಎಷ್ಟೋ ಸಲ ಆನ್ ಆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಇಡೀ ಟ್ಯಾಂಕ್ ಬೆಂದುಹೋಗುತ್ತದೆ.

ನಾವಿರುವುದು ಎತ್ತರದಲ್ಲಿ. ಹಾಸನ ಸುಮಾರು 950 ಮೀಟರ್, ಚಿಕ್ಕಮಗಳೂರು ಸಾವಿರಕ್ಕೂ ಮೇಲೆ. ಈ ಎತ್ತರದಲ್ಲಿ ನೀರಿನಲ್ಲಿ ಕರಗುವ ಆಮ್ಲಜನಕ ಕಡಲತೀರಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಹಾಗಾಗಿ ವೇವ್‌ಮೇಕರನ್ನು ನೀರಿನ ಮೇಲ್ಮೈ ಸದಾ ಅಲುಗಾಡುತ್ತಿರುವ ಹಾಗೆ ಸ್ವಲ್ಪ ಮೇಲ್ಮುಖವಾಗಿ ತಿರುಗಿಸಿ ಇಡಿ.

ನೀರು, ಉಪ್ಪು

ಚಾರ್ಮಾಡಿ ಅಥವಾ ಶಿರಾಡಿ ಘಾಟಿ ಇಳಿದು ಮಂಗಳೂರಿನಿಂದ ಕ್ಯಾನಿನಲ್ಲಿ ಕಡಲ ನೀರು ತಂದರಾಯಿತು ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ. ದಡದ ನೀರು ಬೇಡ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಸಿಹಿನೀರು, ಕೆಸರು ಎಲ್ಲ ಅದರಲ್ಲೇ ಸೇರಿರುತ್ತದೆ. ಬೇರೆ ಕಾಲದಲ್ಲಿ ದೋಣಿಗಳ ಎಣ್ಣೆ, ಊರಿನ ಚರಂಡಿ. ಅಡುಗೆ ಉಪ್ಪು ಕರಗಿಸಿದರೂ ಆಗುವುದಿಲ್ಲ. ಕಡಲ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ ಸುಮಾರು 1300 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು), ಕ್ಯಾಲ್ಸಿಯಂ 400ಕ್ಕೂ ಮೇಲೆ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲ ಇರುತ್ತವೆ. ರೀಫ್ ಟ್ಯಾಂಕಿಗೆಂದೇ ಬರುವ ಸಾಲ್ಟ್ ಮಿಕ್ಸ್ ಕೊಳ್ಳಿ. ಲೀಟರಿಗೆ 35 ಗ್ರಾಂಗಿಂತ ತುಸು ಜಾಸ್ತಿ ಬೇಕಾಗುತ್ತದೆ, ಏಕೆಂದರೆ ಪುಡಿಯಲ್ಲಿ ಒಂದಿಷ್ಟು ತೇವ ಇರುತ್ತದೆ. ಮೊದಲ ಸಲ ತುಂಬಲು ಸುಮಾರು 3 ಕೆಜಿ, ಆಮೇಲೆ ವಾರಕ್ಕೆ 270 ಗ್ರಾಂ ಆಸುಪಾಸು. 20 ಕೆಜಿಯ ಒಂದು ಬಕೆಟ್ ಇಡೀ ವರ್ಷಕ್ಕೆ ಧಾರಾಳ. ಮುಚ್ಚಳ ಗಾಳಿಯಾಡದಂತೆ ಬಿಗಿಯಾಗಿರಲಿ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡಾಗ ಹಪ್ಪಳವೇ ಮೆತ್ತಗಾಗುವ ಊರು ನಮ್ಮದು, ಸಾಲ್ಟ್ ಮಿಕ್ಸ್ ಕಲ್ಲಾಗಲು ಎಷ್ಟು ಹೊತ್ತು?

ಉಪ್ಪು ಬೆರೆಸುವ ಸಿಹಿನೀರು ಪೂರ್ತಿ ಶುದ್ಧ ಇರಬೇಕು. ಯಗಚಿ ನೀರಾಗಲಿ, ಹೇಮಾವತಿ ನೀರಾಗಲಿ, ನಲ್ಲಿಯಲ್ಲಿ ಬರುವಾಗ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್, ಸಿಲಿಕೇಟ್ ಇದ್ದರೆ ಟ್ಯಾಂಕ್ ತುಂಬ ಪಾಚಿ. ಮನೆಯ ಆರ್‌ಒ ಫಿಲ್ಟರಿನ ನೀರು ಕುಡಿಯಲು ಸರಿ, ಆದರೆ ಅದರಲ್ಲೂ ಟಿಡಿಎಸ್ (ಕರಗಿದ ಲವಣ) ಒಂದಿಷ್ಟು ಉಳಿದಿರುತ್ತದೆ, ಕೆಲವು ಮೆಷೀನಿನಲ್ಲಿ ರುಚಿಗೆ ಅಂತ ಖನಿಜ ಸೇರಿಸುವ ಭಾಗವೂ ಇರುತ್ತದೆ. ಆ ಭಾಗಕ್ಕೆ ಮೊದಲೇ ಪೈಪ್ ತೆಗೆದು, ಒಂದು ಡಿಐ ರೆಸಿನ್ ಕಾರ್ಟ್ರಿಜ್ (ಉಳಿದ ಲವಣವನ್ನೂ ಹಿಡಿಯುವ ಫಿಲ್ಟರ್) ಸೇರಿಸಿದರೆ ಟಿಡಿಎಸ್ ಮೀಟರ್ ಸೊನ್ನೆ ತೋರಿಸುತ್ತದೆ. ಸೊನ್ನೆಯೇ ಬೇಕು.

ಈಗ ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ ಮಾತು: ತಾಮ್ರ. ಸೀಗಡಿ, ಬಸವನಹುಳು, ಹವಳ ಇವಕ್ಕೆಲ್ಲ ತಾಮ್ರ ವಿಷ, ತೀರಾ ಸ್ವಲ್ಪ ಇದ್ದರೂ ಸಾಕು. ಕಾಫಿ, ಅಡಿಕೆ ತೋಟಕ್ಕೆ ಮಳೆಗಾಲದ ಮುಂಚೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದೇ ಮೈಲುತುತ್ತ, ಅಂದರೆ ತಾಮ್ರ. ಔಷಧಿ ಕಲಸಿದ ಡ್ರಮ್, ಬಕೆಟ್, ಕೋಲು ಯಾವುದನ್ನೂ, ಎಷ್ಟೇ ತೊಳೆದಿದ್ದರೂ, ಟ್ಯಾಂಕಿನ ಕೆಲಸಕ್ಕೆ ಬಳಸಬೇಡಿ. ಔಷಧಿ ಹೊಡೆದ ದಿನ ಟ್ಯಾಂಕಿಗೆ ಕೈ ಹಾಕಲೇಬೇಡಿ. ತೋಟದ ಮನೆಯ ಹೆಂಚಿನಿಂದ ಇಳಿಯುವ ಮಳೆ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದೂ ಬೇಡ. ಬಚ್ಚಲಮನೆಯ ತಾಮ್ರದ ಹಂಡೆಯಲ್ಲಿ ನಿಂತ ನೀರು ಅಂತೂ ಬೇಡವೇ ಬೇಡ. ಟ್ಯಾಂಕಿಗೆ ಅಂತಲೇ ಎರಡು ಪ್ಲಾಸ್ಟಿಕ್ ಬಕೆಟ್ ಹೊಸದಾಗಿ ಕೊಂಡು, ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಸೊಳ್ಳೆ ಬತ್ತಿ, ಸೊಳ್ಳೆಯ ಲಿಕ್ವಿಡ್ ಮೆಷೀನ್ ಕೂಡ ಆ ಕೋಣೆಯಲ್ಲಿ ಬೇಡ. ಅದರ ಔಷಧಿ ಗಾಳಿಯ ಜೊತೆ ನೀರಿಗೆ ಸೇರಿದರೆ ಸೀಗಡಿ ಮೊದಲು ಸಾಯುತ್ತದೆ. ಸೊಳ್ಳೆ ಪರದೆ ಕಟ್ಟಿಕೊಳ್ಳಿ.

ಕಲ್ಲು ಹಾಕಿ, ಕಾಯುವುದು

7-8 ಕೆಜಿ ಒಣ ರೀಫ್ ಕಲ್ಲು ಸಾಕು. ಕಾರ್ಖಾನೆಯಲ್ಲಿ ತಯಾರಾದ, ತುಂಬ ರಂಧ್ರಗಳಿರುವ ಕಲ್ಲು ಸಿಗುತ್ತದೆ. ಮೊದಲು ಕಲ್ಲನ್ನು ನೇರ ಗಾಜಿನ ತಳದ ಮೇಲೆ ಅಲುಗಾಡದಂತೆ ಕೂರಿಸಿ, ಆಮೇಲೆ ಸುತ್ತ ಒಂದಿಂಚು ಅರಗೊನೈಟ್ (ಸುಣ್ಣದ ಅಂಶದ) ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ, ಅಡಿಯಲ್ಲಿ ಯಾವುದಾದರೂ ಜೀವಿ ಕೆದಕಿದಾಗ ಕಲ್ಲು ಉರುಳಿ ಗಾಜು ಒಡೆಯಬಹುದು. ಹೊಳೆ ಮರಳು ಬೇಡ.

ಪ್ಲಾಸ್ಟಿಕ್ ಬಕೆಟಿನಲ್ಲಿ ನೀರಿಗೆ ಉಪ್ಪು ಸುರಿಯಿರಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಹಾಗೆ ಮಾಡಿದರೆ ಕ್ಯಾಲ್ಸಿಯಂ ಬೆಳ್ಳಗೆ ಗಟ್ಟಿಯಾಗಿ ತಳ ಸೇರುತ್ತದೆ. ಒಂದು ರಾತ್ರಿ ಸಣ್ಣ ಪಂಪ್ ಹಾಕಿ ಕಲಕಲು ಬಿಡಿ. ರಿಫ್ರಾಕ್ಟೋಮೀಟರಿನಲ್ಲಿ 35 (ಸಾವಿರಕ್ಕೆ 35 ಪಾಲು ಉಪ್ಪು) ಅಥವಾ ಸಾಂದ್ರತೆ 1.026 ಬಂದರೆ ಸರಿ. ರಿಫ್ರಾಕ್ಟೋಮೀಟರನ್ನು ಆಗಾಗ ಉಪ್ಪಿನ ಅಂಶ 35 ಅಂತ ಗೊತ್ತಿರುವ ದ್ರಾವಣದಲ್ಲೇ ಸರಿಪಡಿಸಿಕೊಳ್ಳಿ. ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಮೇಲಿನ ಅಳತೆ ತಪ್ಪುವುದುಂಟು.

ಇನ್ನು ಕಾಯಬೇಕು. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ಮೀನಿಗೆ ವಿಷ, ಉಪ್ಪುನೀರಿನಲ್ಲಿ ನೈಟ್ರೈಟ್, ನೈಟ್ರೇಟ್ ಅಷ್ಟಿಲ್ಲ. ಈ ಬ್ಯಾಕ್ಟೀರಿಯಾ ಕಲ್ಲಿನ ರಂಧ್ರಗಳಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ಬಾಟಲಿಯಲ್ಲಿ ಸಿಗುವ ಅಮೋನಿಯಂ ಕ್ಲೋರೈಡ್ ಹಾಕಿ ಟೆಸ್ಟ್ ಕಿಟ್‌ನಲ್ಲಿ ಅಳೆದು ಅಮೋನಿಯಾ 2 ಪಿಪಿಎಂಗೆ ತನ್ನಿ, ಹೀಟರ್ 26ಕ್ಕೆ ಇಡಿ, ಲೈಟ್ ಹಚ್ಚಬೇಡಿ. ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆ ಬಂದರೆ ಟ್ಯಾಂಕ್ ತಯಾರು. ಸುಮ್ನೆ ಮೀನು ಬಿಟ್ಟು ನೋಡೋಣ ಅನ್ನುವುದು ಆ ಮೀನಿಗೆ ಹಿಂಸೆ.

ಲೈಟ್ ಹಚ್ಚಿದ ಮೇಲೆ ಮರಳು, ಗಾಜಿನ ಮೇಲೆ ಕಂದು ಪುಡಿ ಕೂರುತ್ತದೆ. ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ ಅದು. ಆಮೇಲೆ ಹಸಿರು ಪಾಚಿ. ಗಾಬರಿಯಾಗಿ ಔಷಧಿ ಹಾಕಬೇಡಿ. ನಾಲ್ಕೈದು ಕಡಲ ಬಸವನಹುಳು, ಎರಡು ಹರ್ಮಿಟ್ ಏಡಿ (ಖಾಲಿ ಶಂಖದೊಳಗೆ ವಾಸಿಸುವ ಏಡಿ) ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಹತೋಟಿಗೆ ಬರುತ್ತದೆ.

ಯಾರನ್ನು ಬಿಡುವುದು

ಎರಡು ಕ್ಲೌನ್ ಮೀನು. ಒಂದು ದೊಡ್ಡದು, ಒಂದು ಚಿಕ್ಕದು ತನ್ನಿ. ಈ ಮೀನುಗಳು ಹುಟ್ಟುವಾಗ ಎಲ್ಲವೂ ಗಂಡು, ಜೋಡಿಯಲ್ಲಿ ಜೋರಿರುವುದು ಹೆಣ್ಣಾಗುತ್ತದೆ. ಮೊದಮೊದಲು ದೊಡ್ಡದು ಅಟ್ಟಿಸಿಕೊಂಡು ಹೋಗುತ್ತದೆ, ಚಿಕ್ಕದು ಅಡ್ಡ ಮಲಗಿ ಮೈ ಪಟಪಟ ನಡುಗಿಸುತ್ತದೆ. ಅದು ಕಾಯಿಲೆ ಅಲ್ಲ, "ನೀನೇ ದೊಡ್ಡವಳು" ಅಂತ ಒಪ್ಪಿಕೊಂಡ ಲಕ್ಷಣ. ಅನಿಮೋನ್ (ಸಮುದ್ರದಲ್ಲಿ ಇವು ಆಸರೆ ಪಡೆಯುವ, ಹೂವಿನಂತೆ ಕಾಣುವ ಪ್ರಾಣಿ) ಇಲ್ಲದೆಯೂ ಇವು ಆರಾಮಾಗಿರುತ್ತವೆ. ಅನಿಮೋನ್ ನಡೆದಾಡುತ್ತದೆ, ವೇವ್‌ಮೇಕರಿಗೆ ಸಿಕ್ಕಿ ಚೂರಾದರೆ ಟ್ಯಾಂಕ್ ಪೂರ್ತಿ ಹಾಳು. ಸಣ್ಣ ಟ್ಯಾಂಕಿಗೆ ಬೇಡ. "ಫೈಂಡಿಂಗ್ ನೀಮೋ" ಸಿನಿಮಾ ನೋಡಿದ ಮಕ್ಕಳು ನೀಲಿ ಟ್ಯಾಂಗ್ ಕೇಳಿಯೇ ಕೇಳುತ್ತಾರೆ. ಅದು ಒಂದು ಅಡಿ ಬೆಳೆಯುವ ಮೀನು, ಎರಡು ಅಡಿಯ ಗಾಜಿನ ಪೆಟ್ಟಿಗೆಯಲ್ಲಿ ಅದನ್ನಿಡುವುದು ಅನ್ಯಾಯ ಅಂತ ಮಕ್ಕಳಿಗೆ ಹೇಳಿ, ಅವರಿಗೆ ಅರ್ಥವಾಗುತ್ತದೆ. ಕ್ಲೌನ್ ಮೀನು ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುತ್ತದೆ. ಇಂದು ಎರಡನೇ ಕ್ಲಾಸಿನ ಮಗು ಪಿಯುಸಿ ಮುಗಿಸುವವರೆಗಿನ ಜವಾಬ್ದಾರಿ ಇದು.

ಜೊತೆಗೆ ಒಂದು ಕ್ಲೀನರ್ ಸೀಗಡಿ. ಕೆಂಪು ಬೆನ್ನಿನ ಮೇಲೆ ಬಿಳಿ ಪಟ್ಟೆ, ಉದ್ದ ಬಿಳಿ ಮೀಸೆ. ಒಂದು ಬೆಳಿಗ್ಗೆ ಅದು ಮರಳಿನ ಮೇಲೆ ಸತ್ತು ಬಿದ್ದ ಹಾಗೆ ಕಾಣುತ್ತದೆ. ಸರಿಯಾಗಿ ನೋಡಿ, ಬೆಳಕು ಆರಪಾರ ಕಾಣುವ ಖಾಲಿ ಸಿಪ್ಪೆ ಅದು, ಮೀಸೆಯ ಸಮೇತ ಕಳಚಿಟ್ಟಿರುತ್ತದೆ. ಸೀಗಡಿ ಹೊಸ ಸಿಪ್ಪೆ ಗಟ್ಟಿಯಾಗುವವರೆಗೆ ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ.

ಕವರಿನಲ್ಲಿ ಬಂದ ಮೀನನ್ನು ಹಾಗೇ ಟ್ಯಾಂಕಿನಲ್ಲಿ 20 ನಿಮಿಷ ತೇಲಿಸಿ, ಆಮೇಲೆ ಟ್ಯಾಂಕಿನ ನೀರನ್ನು ಅರ್ಧ ಗಂಟೆ ಸ್ವಲ್ಪಸ್ವಲ್ಪವೇ ಸೇರಿಸಿ, ಬಲೆಯಲ್ಲಿ ಎತ್ತಿ ಮೀನನ್ನಷ್ಟೇ ಬಿಡಿ. ಆದರೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಕವರಾದರೆ ಅಷ್ಟು ಹೊತ್ತು ಎಳೆಯಬೇಡಿ. ಕವರ್ ಬಿಚ್ಚಿದ ತಕ್ಷಣ ಒಳಗಿನ ಪಿಎಚ್ ಏರಿ ಅಮೋನಿಯಾ ವಿಷವಾಗುತ್ತದೆ. ಮೊದಲೇ ಅಂಗಡಿಯ ನೀರಿನ ಉಪ್ಪಿನ ಅಳತೆ ಕೇಳಿ, ಒಂದು ಬಕೆಟಿನಲ್ಲಿ ಅಷ್ಟೇ ಉಪ್ಪಿನ ನೀರು ತಯಾರಿಟ್ಟು, ಕವರ್ ಬಿಚ್ಚಿದ ಕೂಡಲೇ ಅದಕ್ಕೆ ಬಿಡಿ. ಅಲ್ಲಿಂದ ನಿಧಾನಕ್ಕೆ ಟ್ಯಾಂಕಿನ ಅಳತೆಗೆ ತನ್ನಿ.

ಹವಳ ಮಾತ್ರ ಎರಡು ಮೂರು ತಿಂಗಳ ನಂತರ. ಮೊದಲು ಮಶ್ರೂಮ್, ಕಡಿಮೆ ಬೆಳಕಿನ ಕೆಳಭಾಗದಲ್ಲಿ. ಆಮೇಲೆ ಟೋಡ್‌ಸ್ಟೂಲ್ ಲೆದರ್, ನಡುವೆ. ಇವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇದೆ. ಅದು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ, ಹಾಗಾಗಿ ಬೇರೆ ಊಟ ಹಾಕಬೇಕಿಲ್ಲ. ಲೈಟ್ ದಿನಕ್ಕೆ 8 ಗಂಟೆ, ಮೊದಲ ಎರಡು ವಾರ ಬೆಳಕಿನ ಪ್ರಖರತೆ ನೂರಕ್ಕೆ 30-40ರಷ್ಟು ಮಾತ್ರ. ಗಟ್ಟಿ ಹವಳದಷ್ಟು ಕ್ಯಾಲ್ಸಿಯಂ ಇವಕ್ಕೆ ಬೇಡ, ವಾರದ ಹೊಸ ನೀರಿನಲ್ಲಿ ಬರುವುದೇ ಸಾಕು. ಕೆಲಸ ಉಳಿಯುವುದು ಮುಖ್ಯವಾಗಿ ಇಲ್ಲಿ.

ಲೆದರ್ ಹವಳ ಆಗಾಗ ಮುದುಡಿಕೊಂಡು ನಾಲ್ಕೈದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ, ಬೋಳಾಗಿ ನಿಂತುಬಿಡುತ್ತದೆ. ಮೇಲೆ ಮೇಣದಂಥ ತೆಳು ಪೊರೆ ಕಾಣುತ್ತದೆ. ಪೊರೆಯನ್ನು ಕೈಯಿಂದ ಕೀಳಬೇಡಿ. ವೇವ್‌ಮೇಕರಿನ ನೀರು ಅದರ ಮೇಲೆ ಹಾಯುವ ಹಾಗೆ ತಿರುಗಿಸಿ, ಪೊರೆ ತಾನಾಗಿ ಕಳಚಿ ಹೋಗುತ್ತದೆ, ಮತ್ತೆ ತಲೆಯ ತುಂಬ ಎಳೆಗಳು ಅರಳುತ್ತವೆ.

ಜೋವಾಂತಿಡ್ ಬಗ್ಗೆ ಎಚ್ಚರ. ನೋಡಲು ಬಣ್ಣಬಣ್ಣದ ಗುಂಡಿಗಳ ಹಾಗೆ ಚೆಂದ, ಆದರೆ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಬಹಳ ಉಗ್ರ ವಿಷ ಇದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಹಾಕಿ. ಅದು ಅಂಟಿರುವ ಕಲ್ಲನ್ನು ಬ್ರಷ್‌ನಿಂದ ಉಜ್ಜಬೇಡಿ, ಬಿಸಿನೀರು ಸುರಿಯಬೇಡಿ, ಕುದಿಸಲಂತೂ ಬೇಡ. ಆವಿಯ ಜೊತೆ ವಿಷ ಮೂಗಿಗೆ ಹೋಗಿ ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಬೇರೆ ದೇಶಗಳಲ್ಲಿ ಆಗಿವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಜೋವಾಂತಿಡ್ ಬಿಟ್ಟುಬಿಡಿ, ಉಳಿದವೇ ಸಾಕು.

ದಿನದ ಕೆಲಸ, ವಾರದ ಕೆಲಸ

ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಸಾರು ಒಲೆಯ ಮೇಲೆ ಬತ್ತಿದರೆ ಉಪ್ಪಾಗುತ್ತದಲ್ವಾ, ಅದೇ ಲೆಕ್ಕ. ಆದ್ದರಿಂದ ಕಡಿಮೆಯಾದ ನೀರಿಗೆ ಬರೀ ಸಿಹಿನೀರು ಸೇರಿಸಬೇಕು, ಉಪ್ಪುನೀರು ಅಲ್ಲ. ಟ್ಯಾಂಕಿನ ಪಕ್ಕದಲ್ಲಿ ಮಾರ್ಕರಿನಿಂದ ಒಂದು ಗೆರೆ ಎಳೆದು, ದಿನಾ ಬೆಳಿಗ್ಗೆ ಆ ಗೆರೆಗೆ ತುಂಬಿ. ಬೇಸಿಗೆಯಲ್ಲಿ ಫ್ಯಾನ್ ಹಾಕಿದಾಗ ದಿನಕ್ಕೆ ಒಂದೂವರೆ ಲೀಟರ್ ಹೋದರೆ, ಐದು ದಿನ ಮರೆತಾಗ 35 ಇದ್ದದ್ದು 39ರ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ನೀರು ಇಳಿಯುವುದೇ ಕಡಿಮೆ. ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ತಾನೇ ನೀರು ತುಂಬುವ ಆಟೋ ಟಾಪ್ ಅಪ್ ಹಾಕಿಸಿ. ಈ ಹವ್ಯಾಸದಲ್ಲಿ ನಿಜಕ್ಕೂ ಕೆಲಸ ಉಳಿಸುವ ಯಂತ್ರ ಅದೊಂದೇ ಅಂತ ನನ್ನ ಅಭಿಪ್ರಾಯ.

ಊಟ ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು.

ವಾರಕ್ಕೊಮ್ಮೆ ಏಳೆಂಟು ಲೀಟರ್ ಹಳೆ ನೀರು ತೆಗೆದು, ಹಿಂದಿನ ದಿನ ಬೆರೆಸಿಟ್ಟ ಹೊಸ ಉಪ್ಪುನೀರು ಹಾಕಿ. ಡಿಸೆಂಬರಿನಲ್ಲಿ ಬಕೆಟಿನ ನೀರು ಕೊರೆಯುತ್ತಿರುತ್ತದೆ, ಹೀಟರ್ ಇಟ್ಟು ಟ್ಯಾಂಕಿನ ಮಟ್ಟಕ್ಕೆ ತಂದ ಮೇಲೆಯೇ ಹಾಕಿ. ಗಾಜು ಒರೆಸುವ ಮ್ಯಾಗ್ನೆಟ್‌ನಿಂದ ಗಾಜು ಒರೆಸಿ, ಫಿಲ್ಟರಿನ ಸ್ಪಂಜನ್ನು ತೆಗೆದ ಹಳೆ ನೀರಿನಲ್ಲೇ ಹಿಂಡಿ. ಅಂಚಿನಲ್ಲಿ ಕಟ್ಟಿದ ಬಿಳಿ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ. ನೈಟ್ರೇಟ್ 5-10 ಪಿಪಿಎಂ, ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ನೀರಿನ ಗುಣ) 8-9 ಡಿಕೆಎಚ್ ಇದ್ದರೆ ಮತ್ತೇನೂ ಹಾಕಬೇಡಿ.

ಕರೆಂಟ್ ಹೋದಾಗ

ಮಲೆನಾಡಿನ ಗಾಳಿಮಳೆಗೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಲೈಟ್ ಎರಡು ದಿನ ಇಲ್ಲದಿದ್ದರೂ ಹವಳಕ್ಕೆ ಏನೂ ಆಗದು. ನೀರು ನಿಂತರೆ ಮಾತ್ರ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ವೇವ್‌ಮೇಕರ್ ತಿನ್ನುವುದು 5-10 ವ್ಯಾಟ್, ಅದನ್ನು ಮನೆಯ ಯುಪಿಎಸ್‌ ಲೈನಿಗೆ ಕೊಡಿ. ಹೀಟರನ್ನು ಯುಪಿಎಸ್‌ಗೆ ಕೊಡಬೇಡಿ, ಬ್ಯಾಟರಿ ಬೇಗ ಖಾಲಿ. ಚಳಿಗೆ ಟ್ಯಾಂಕಿನ ಮೂರು ಬದಿಗೆ ಕಂಬಳಿ ಸುತ್ತಿ. ಯುಪಿಎಸ್ ಇಲ್ಲದವರು ಸೆಲ್ ಹಾಕಿ ನಡೆಸುವ ಸಣ್ಣ ಏರ್ ಪಂಪ್ ಒಂದನ್ನು ಮೇ ತಿಂಗಳೊಳಗೆ ತಂದಿಟ್ಟುಕೊಳ್ಳಿ, ಸೆಲ್ ಎರಡು ಜೊತೆ ಜಾಸ್ತಿ ಇರಲಿ.

ನೆಂಟರ ಮದುವೆಗೆ ಮೂರ್ನಾಲ್ಕು ದಿನ ಹೋಗುವುದಿದ್ದರೆ ಮೀನಿಗೆ ಊಟ ಹಾಕದಿದ್ದರೂ ನಡೆಯುತ್ತದೆ. ಪಕ್ಕದ ಮನೆಯವರಿಗೆ ಗೆರೆಯವರೆಗೆ ನೀರು ತುಂಬಲು ಹೇಳಿ, ಮೀನಿನ ಆಹಾರದ ಡಬ್ಬಿಯನ್ನು ಒಳಗಿಟ್ಟು ಹೋಗಿ. ಪ್ರೀತಿಯಿಂದ ಜಾಸ್ತಿ ಹಾಕಿಬಿಡುತ್ತಾರೆ.

ವರ್ಷ ಕಳೆದರೆ ಮಶ್ರೂಮ್, ಲೆದರ್ ಜಾಗ ಸಾಲದೆ ಒಂದಕ್ಕೊಂದು ತಾಗತೊಡಗುತ್ತವೆ. ಆಗ ಗ್ಲೌಸ್ ಹಾಕಿ, ಹೊಸ ಬ್ಲೇಡಿನಿಂದ ಲೆದರಿನ ಅಂಚಿನ ಒಂದು ತುಂಡು ಕತ್ತರಿಸಿ, ಸಣ್ಣ ಕಲ್ಲಿನ ಮೇಲಿಟ್ಟು ಸಡಿಲವಾಗಿ ರಬ್ಬರ್ ಬ್ಯಾಂಡ್ ಹಾಕಿ. ಎರಡು ಮೂರು ವಾರದಲ್ಲಿ ಅಂಟಿಕೊಳ್ಳುತ್ತದೆ. ಲೆದರ್ ಕತ್ತರಿಸಿದಾಗ ನೀರಿಗೆ ಒಂದಿಷ್ಟು ವಿಷ ಬಿಡುತ್ತದೆ, ಅದಕ್ಕೇ ಆ ದಿನ ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ (ವಿಷ ಹೀರುವ ಇದ್ದಿಲು) ಹಾಕಿಡಿ. ಆ ತುಂಡನ್ನು ಹತ್ತಿರದಲ್ಲಿ ಹೊಸದಾಗಿ ಟ್ಯಾಂಕ್ ಶುರುಮಾಡಿದವರಿಗೆ ಕೊಡಿ. ಚಿಕ್ಕಮಗಳೂರಿನಿಂದ ಹಾಸನಕ್ಕೆ ಬೇಲೂರಿನ ಮೇಲೆ ಒಯ್ಯುವಷ್ಟು ದೂರಕ್ಕೆ, ಮುಕ್ಕಾಲು ನೀರು ಕಾಲು ಗಾಳಿ ತುಂಬಿದ ಡಬ್ಬಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟರೆ ಏನೂ ತೊಂದರೆಯಾಗುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ, ಕಾಲಬುಡದಲ್ಲಿ ಇಟ್ಟುಕೊಳ್ಳಿ.